ಅಪರೂಪದ ಸ್ನೋಡ್ರಾಪ್ ತಳಿಗಳನ್ನು ಅಂಚೆಯಲ್ಲಿ ತರಿಸಿ ಬೆಳೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನಲ್ಲಿ ನೆಲೆಸಿ, ಮನೆಯ ಹಿಂದೆ ಅಂಗೈಯಗಲದ ನೆಲವನ್ನಾದರೂ ಹೊಂದಿರುವ, ಚಳಿಗಾಲದ ಕೊನೆಯಲ್ಲಿ ಅರಳುವ ಪುಟ್ಟ ಗೆಡ್ಡೆಹೂವಾದ ಸ್ನೋಡ್ರಾಪಿನ ಹುಚ್ಚು ಹತ್ತಿರುವ ಅಥವಾ ಹತ್ತುವ ಲಕ್ಷಣ ಕಾಣುತ್ತಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ. ಊರಿನಲ್ಲಿದ್ದುಕೊಂಡೇ ಇದನ್ನು ಬೆಳೆಯಬಹುದೇ ಎಂದು ವಿಚಾರಿಸುವವರಿಗೂ ಕೊನೆಯ ಭಾಗದಲ್ಲಿ ಉತ್ತರವಿದೆ.

ಎಲ್ಲವೂ ಅದೇ ಬಿಳಿ ಹೂವಲ್ಲವೇ? ಇದರಲ್ಲಿ ಸಂಗ್ರಹಿಸುವುದಕ್ಕೆ ಏನಿದೆ?

ನಿಂತು ನೋಡಿದರೆ ಎಲ್ಲವೂ ಒಂದೇ ಎಂಬುದು ನಿಜ. ಮಂಡಿಯೂರಿ ಕುಳಿತು, ತಲೆತಗ್ಗಿಸಿರುವ ಹೂವನ್ನು ಒಂದು ಬೆರಳಿನಿಂದ ಮೆಲ್ಲಗೆ ಎತ್ತಿ ಒಳಗೆ ನೋಡಬೇಕು. ಹೊರಗೆ ಮೂರು ಉದ್ದನೆಯ ಎಸಳುಗಳಿವೆ, ಒಳಗೆ ಮೂರು ಗಿಡ್ಡ ಎಸಳುಗಳಿವೆ. ಒಳ ಎಸಳಿನ ಅಂಚಿನಲ್ಲಿ ಸಾಮಾನ್ಯವಾಗಿ ಹಸಿರು ಗುರುತು ಇರುತ್ತದೆ. ಅದು ಸಣ್ಣ ಕಮಾನಿನಂತಿದೆಯೋ, ಎಸಳಿನ ಬುಡದವರೆಗೂ ಹರಡಿದೆಯೋ, ಎರಡು ಚುಕ್ಕೆಗಳಾಗಿ ಒಡೆದಿದೆಯೋ ಎಂಬುದರ ಮೇಲೆ ತಳಿಯ ಗುರುತು ನಿಂತಿದೆ. ‘ಗ್ರಂಪಿ’ ಎಂಬ ತಳಿಯಲ್ಲಿ ಮೇಲಿನ ಎರಡು ಚುಕ್ಕೆಗಳೂ ಕೆಳಗಿನ ಬಾಗಿದ ಗೆರೆಯೂ ಸೇರಿ ಥೇಟ್ ಮುನಿಸಿಕೊಂಡ ಮುಖವಾಗುತ್ತದೆ. ‘ವೆಂಡೀಸ್ ಗೋಲ್ಡ್’ನಲ್ಲಿ ಹಸಿರಿರಬೇಕಾದ ಜಾಗದಲ್ಲೆಲ್ಲ ಹಳದಿ ಇದೆ. ‘ಟ್ರಿಮ್’ನಲ್ಲಿ ಒಳ ಎಸಳಿನ ಹಸಿರು ಗುರುತು ಹೊರ ಎಸಳಿಗೂ ಬಂದು ಕುಳಿತಿದೆ. ಇದಕ್ಕೆ ತಿರುಗುಮುರುಗಾಗಿ, ಒಳ ಎಸಳುಗಳೂ ಹೊರಗಿನವುಗಳಷ್ಟೇ ಉದ್ದವಾಗಿ ಅಚ್ಚ ಬಿಳಿಯಾಗಿರುವ ‘ಇ. ಎ. ಬೋಲ್ಸ್’ನಂತಹ ತಳಿಗಳೂ ಇವೆ.

ಗ್ಯಾಲಂಥಸ್ ಎಂಬ ಈ ಕುಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಅವು ಯುರೋಪಿನಿಂದ ಟರ್ಕಿ ಮತ್ತು ಕಾಕಸಸ್ ಬೆಟ್ಟಸಾಲುಗಳ ಮೂಲಕ ಇರಾನಿನವರೆಗೆ ಕಾಡಿನಲ್ಲಿ ಬೆಳೆಯುತ್ತವೆ. ಅವುಗಳಿಂದ ಬಂದ, ಹೆಸರಿಟ್ಟ ತಳಿಗಳು ಸಾವಿರವನ್ನು ಮೀರಿವೆ. ಅಷ್ಟೂ ತಳಿಗಳು ನಿಜವಾಗಿ ಬೇರೆ ಬೇರೆಯೇ ಎಂದು ಕೇಳಿದರೆ, ಅಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಬೆಳೆದವರಿಗೇ ಲೇಬಲ್ ತೆಗೆದರೆ ಗುರುತು ಸಿಗದಂತಹ ತಳಿಗಳು ಎಷ್ಟೋ ಇವೆ.

ಪೇಟೆಯ ಗಾರ್ಡನ್ ಸೆಂಟರಿನಲ್ಲಿ ಸಿಗುವುದನ್ನು ಬಿಟ್ಟು ಅಂಚೆಯಲ್ಲಿಯೇ ಏಕೆ ತರಿಸಬೇಕು?

ಗಾರ್ಡನ್ ಸೆಂಟರಿನಲ್ಲಿ ಸಿಗುವುದು ಹೆಚ್ಚಾಗಿ ಮೂರೇ ಬಗೆಯವು: ಸಾಮಾನ್ಯ ನಿವಾಲಿಸ್, ಅಗಲ ಎಲೆಯ ಎಲ್ವೆಸಿಯೈ ಮತ್ತು ಹೊಳೆಯುವ ಹಸಿರೆಲೆಯ ವೊರೊನೊವಿಯೈ. ಅಪರೂಪದ ತಳಿಯ ಗೆಡ್ಡೆಗಳು ಇಡೀ ದೇಶದಲ್ಲಿ ಕೆಲವು ಹತ್ತು ಅಥವಾ ಕೆಲವು ನೂರು ಮಾತ್ರ ಇರುವುದರಿಂದ ಅವು ಅಂಗಡಿಯ ಕಪಾಟಿಗೆ ಬರುವುದೇ ಇಲ್ಲ. ಅವುಗಳನ್ನು ಬೆಳೆಸುವವರು ಗಂಡ ಹೆಂಡತಿ ಇಬ್ಬರೇ ಸೇರಿ, ಇಲ್ಲವೇ ಒಬ್ಬರೇ ನಡೆಸುವ ಪುಟ್ಟ ನರ್ಸರಿಗಳವರು. ಅವರು ವರ್ಷಕ್ಕೊಮ್ಮೆ ಪಟ್ಟಿ ಹೊರಡಿಸಿ, ಗೆಡ್ಡೆಗಳನ್ನು ಒಂದೊಂದಾಗಿ ಮಾರುತ್ತಾರೆ.

ಈ ಕ್ರಮ ಹೊಸದೂ ಅಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಗ್ಲಾಸ್ಟರ್‌ಶೈರಿನ ಚಾಲ್‌ಫರ್ಡ್ ಬಳಿಯ ಹೈಡ್ ಲಾಡ್ಜ್ ಎಂಬ ಮನೆಗೆ ಬಂದ ಬ್ರಿಗೇಡಿಯರ್ ಮಥಾಯಸ್ ದಂಪತಿಗೆ ಅಲ್ಲಿನ ತೋಟದಲ್ಲಿ ‘ಎಸ್. ಆರ್ನಟ್’ ತಳಿಯ ಸ್ನೋಡ್ರಾಪುಗಳು ರಾಶಿ ರಾಶಿಯಾಗಿ ಬೆಳೆದಿರುವುದು ಕಂಡಿತು. ಹಿಂದೆ ಅಲ್ಲಿದ್ದ ವಾಲ್ಟರ್ ಬಟ್ ನೆಟ್ಟು ಹೋಗಿದ್ದ ಗೆಡ್ಡೆಗಳು ಅವು. ದಂಪತಿ ‘ಜಯಂಟ್ ಸ್ನೋಡ್ರಾಪ್ ಕಂಪನಿ’ ಎಂದು ಹೆಸರಿಟ್ಟು ಅವನ್ನು ಅಂಚೆಯ ಮೂಲಕ ದೇಶದಾದ್ಯಂತ ಮಾರತೊಡಗಿದರು. ಇಂದು ಬ್ರಿಟನ್ನಿನ ಹಳೆಯ ತೋಟಗಳಲ್ಲಿ ಕಾಣುವ ಒಳ್ಳೆಯ ತಳಿಗಳು ಹರಡುವುದಕ್ಕೆ ಈ ಪುಟ್ಟ ಅಂಚೆ ವ್ಯಾಪಾರವೂ ಒಂದು ಕಾರಣ.

ಪಟ್ಟಿ ಯಾವಾಗ ಬರುತ್ತದೆ? ತಡವಾದರೆ ಏನಾಗುತ್ತದೆ?

ಹೆಚ್ಚಿನ ನರ್ಸರಿಗಳ ಪಟ್ಟಿ ಜನವರಿಯ ಆಸುಪಾಸಿನಲ್ಲಿ ಬರುತ್ತದೆ. ಒಣಗೆಡ್ಡೆ ಮಾರುವವರ ಪಟ್ಟಿ ಬೇಸಿಗೆಯಲ್ಲಿ ಬರುತ್ತದೆ. ಬೇಡಿಕೆಯ ತಳಿಗಳು ಪಟ್ಟಿ ಹೊರಬಿದ್ದ ದಿನವೇ, ಕೆಲವೊಮ್ಮೆ ಮಧ್ಯಾಹ್ನದೊಳಗೇ ಮುಗಿಯುತ್ತವೆ. ಆದುದರಿಂದ ಬೇಕಾದ ತಳಿಗಳ ಹೆಸರನ್ನು ಡಿಸೆಂಬರಿನಲ್ಲೇ ಬರೆದಿಟ್ಟುಕೊಂಡು, ಸಿಗದಿದ್ದರೆ ಬದಲಿಗೆ ಯಾವುದು ಆಗಬಹುದು ಎಂಬುದನ್ನೂ ನಿರ್ಧರಿಸಿಟ್ಟುಕೊಳ್ಳುವುದು ಒಳ್ಳೆಯದು. ಹಾಗೆ ಮಾಡದವರು ಬೇಕಾದದ್ದು ಮುಗಿದಿರುವುದನ್ನು ಕಂಡು ಗಾಬರಿಯಲ್ಲಿ ಬೇಡವಾದ ನಾಲ್ಕನ್ನು ಕೊಳ್ಳುತ್ತಾರೆ.

‘ಇನ್ ದ ಗ್ರೀನ್’ ಎಂದು ಪಟ್ಟಿಯಲ್ಲಿ ಬರೆದಿರುತ್ತದೆ. ಅದರ ಅರ್ಥವೇನು? ಒಣಗೆಡ್ಡೆಗಿಂತ ಅದು ಮೇಲೇ?

ಹೂ ಮುಗಿದ ಕೂಡಲೇ, ಎಲೆ ಇನ್ನೂ ಹಸಿರಾಗಿರುವಾಗಲೇ ಗಿಡವನ್ನು ಬೇರು ಸಹಿತ ಕಿತ್ತು ಕಳುಹಿಸುವುದಕ್ಕೆ ಹಾಗೆನ್ನುತ್ತಾರೆ. ಇದರ ಕಾಲ ಫೆಬ್ರವರಿಯ ಕೊನೆ ಮತ್ತು ಮಾರ್ಚ್. ಒಣಗೆಡ್ಡೆಯನ್ನಾದರೆ ಎಲೆ ಪೂರ್ತಿ ಒಣಗಿದ ಮೇಲೆ, ಬೇಸಿಗೆಯಿಂದ ಶರತ್ಕಾಲದೊಳಗೆ ಕಳುಹಿಸುತ್ತಾರೆ.

ಎಲೆ ಸಹಿತ ತರಿಸುವುದೇ ಉತ್ತಮವೆಂಬ ಮಾತು ಎಲ್ಲೆಡೆ ಪ್ರಚಲಿತವಾಗಿದೆ. ಅದು ಹುಟ್ಟಿದ್ದಕ್ಕೆ ಕಾರಣವೂ ಇದೆ. ಸ್ನೋಡ್ರಾಪ್ ಗೆಡ್ಡೆ ಚಿಕ್ಕದು, ಅದರ ಹೊರಪೊರೆ ತೆಳ್ಳಗಿನದು. ತಿಂಗಳುಗಟ್ಟಲೆ ಅಂಗಡಿಯ ಬೆಚ್ಚಗಿನ ಗಾಳಿಯಲ್ಲಿ ಬಿದ್ದಿದ್ದರೆ ಒಳಗಿನ ನೀರೆಲ್ಲ ಆರಿ ಅದು ಸತ್ತೇ ಹೋಗುತ್ತದೆ. ಅಂತಹ ಗೆಡ್ಡೆಗಳನ್ನು ಕೊಂಡು ಕೈಸುಟ್ಟುಕೊಂಡವರಿಗೆ ಎಲೆ ಸಹಿತ ಬಂದ ಗಿಡ ಜೀವಂತವಾಗಿದೆ ಎಂಬುದಾದರೂ ಕಣ್ಣಿಗೆ ಕಾಣುತ್ತದೆ. ಆದರೆ ಬೆಳವಣಿಗೆಯ ನಟ್ಟನಡುವೆ ಬೇರು ಕಿತ್ತರೆ ಗಿಡಕ್ಕೆ ಪೆಟ್ಟು ಬೀಳದೆ ಇರುವುದಿಲ್ಲ, ಮರುವರ್ಷ ಅದು ಹೂ ಬಿಡದೆಯೂ ಹೋಗಬಹುದು. ಜೂನ್ ಅಥವಾ ಜುಲೈನಲ್ಲಿ ಆಗಷ್ಟೇ ಅಗೆದು, ಸ್ವಲ್ಪ ತೇವವಿರುವ ಪೀಟ್ (ಜೌಗುನೆಲದ ಕೊಳೆತ ಸಸ್ಯಮಣ್ಣು) ಅಥವಾ ವರ್ಮಿಕ್ಯುಲೈಟಿನಲ್ಲಿ (ತೇವ ಹಿಡಿದಿಡುವ ಹಗುರ ಖನಿಜದ ಚೂರು) ಸುತ್ತಿ, ಒಂದೇ ವಾರದಲ್ಲಿ ನಿಮ್ಮ ಕೈ ಸೇರುವ ಗೆಡ್ಡೆ ಎಲ್ಲಕ್ಕಿಂತ ಉತ್ತಮವೆಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ಪರಿಚಿತ, ನಂಬಿಕಸ್ಥ ನರ್ಸರಿಯಿಂದ ಮಾತ್ರ ತರಿಸಬೇಕು. ಏಕೆಂದರೆ ಒಣಗೆಡ್ಡೆಯಲ್ಲಿ ತಳಿಯನ್ನು ಪರೀಕ್ಷಿಸಲು ಹೂವೂ ಇಲ್ಲ, ಎಲೆಯೂ ಇಲ್ಲ. ಎಲೆ ಸಹಿತ ಬಂದರೆ, ಕನಿಷ್ಠಪಕ್ಷ ಎಲೆಗಳು ಬುಡದಲ್ಲಿ ಒಂದಕ್ಕೊಂದು ಚಪ್ಪಟೆಯಾಗಿ ಎದುರುಬದುರಾಗಿವೆಯೇ, ಒಂದು ಇನ್ನೊಂದನ್ನು ಸುತ್ತಿಕೊಂಡಿದೆಯೇ, ಅಂಚು ಹಿಂದಕ್ಕೆ ಮಡಚಿದೆಯೇ ಎಂದು ನೋಡಿ, ಅನುಕ್ರಮವಾಗಿ ನಿವಾಲಿಸ್, ಎಲ್ವೆಸಿಯೈ, ಪ್ಲಿಕೇಟಸ್ ಪ್ರಭೇದಗಳನ್ನು ಬೇರ್ಪಡಿಸಬಹುದು.

ಪೊಟ್ಟಣ ಬಂದ ದಿನ ಏನು ಮಾಡಬೇಕು?

ಅದೇ ದಿನ ಬಿಚ್ಚಬೇಕು. ಒಳಗೆ ಸಾಮಾನ್ಯವಾಗಿ ಒದ್ದೆ ಕಾಗದದಲ್ಲಿ ಅಥವಾ ಪಾಚಿಯಲ್ಲಿ ಸುತ್ತಿದ ಗಿಡ, ಪ್ಲಾಸ್ಟಿಕ್ ಚೀಲ ಮತ್ತು ಪೆನ್ಸಿಲಿನಲ್ಲಿ ಹೆಸರು ಬರೆದ ಲೇಬಲ್ ಇರುತ್ತವೆ. ಮೊದಲು ಲೇಬಲ್ಲನ್ನು ಪಟ್ಟಿಯೊಂದಿಗೆ ತಾಳೆ ನೋಡಿರಿ. ಎರಡು ತಳಿಗಳ ಪೊಟ್ಟಣಗಳನ್ನು ಒಟ್ಟಿಗೆ ಬಿಚ್ಚಿ ಮೇಜಿನ ಮೇಲೆ ಹರಡಬಾರದು. ಬಳಿಕ ಗೆಡ್ಡೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಹಗುರವಾಗಿ ಒತ್ತಿ ನೋಡಿರಿ. ಗಟ್ಟಿಯಾಗಿದ್ದರೆ ಆರೋಗ್ಯವಾಗಿದೆ. ಒತ್ತಿದಲ್ಲಿ ಒಳಗೆ ಹೋದರೆ, ಅದರಲ್ಲಿಯೂ ಕತ್ತಿನ ಭಾಗ ಮೆತ್ತಗಿದ್ದರೆ, ಒಳಗೆ ಹುಳು ಅಥವಾ ಕೊಳೆ ಇರುವ ಸಾಧ್ಯತೆ ಹೆಚ್ಚು. ಬೂದು ಬಣ್ಣದ ಬೂಷ್ಟು ಇದ್ದರೆ ಚಿತ್ರ ತೆಗೆದು ಅಂದೇ ನರ್ಸರಿಗೆ ತಿಳಿಸಬೇಕು. ಒಳ್ಳೆಯ ನರ್ಸರಿಯವರು ಬದಲಿ ಕೊಡುತ್ತಾರೆ ಅಥವಾ ಹಣ ಹಿಂತಿರುಗಿಸುತ್ತಾರೆ, ಆದರೆ ಮೂರು ವಾರ ಬಿಟ್ಟು ಹೇಳಿದ ದೂರನ್ನು ಅವರು ಒಪ್ಪಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಒಂದು ಗೆಡ್ಡೆಗೆ ಸಾವಿರ ಪೌಂಡ್ ಕೊಟ್ಟವರಿದ್ದಾರೆ ಎಂಬುದು ನಿಜವೇ?

ನಿಜ. ಆನ್‌ಲೈನ್ ಹರಾಜಿನಲ್ಲಿ ‘ಇ. ಎ. ಬೋಲ್ಸ್’ನ ಒಂದು ಗೆಡ್ಡೆ 2011ರಲ್ಲಿ 357 ಪೌಂಡಿಗೆ ಹೋಯಿತು. ಹಳದಿ ಅಂಡಾಶಯವೂ ಹಳದಿ ಗುರುತೂ ಇರುವ, ಸ್ಕಾಟ್ಲೆಂಡಿನ ತೋಟವೊಂದರಲ್ಲಿ ಕಾಣಿಸಿಕೊಂಡ ‘ಎಲಿಜಬೆತ್ ಹ್ಯಾರಿಸನ್’ 2012ರಲ್ಲಿ 725 ಪೌಂಡ್ ತಲುಪಿತು. ಕೇಂಬ್ರಿಜ್‌ಶೈರಿನ ತಳಿಗಾರ ಜೋ ಶಾರ್ಮನ್ ವರ್ಷಾನುಗಟ್ಟಲೆ ಮಿಶ್ರತಳಿ ಮಾಡಿ ಪಡೆದ ‘ಗೋಲ್ಡನ್ ಫ್ಲೀಸ್’ 2015ರಲ್ಲಿ 1,390 ಪೌಂಡಿಗೆ ಮಾರಾಟವಾಯಿತು. 2022ರಲ್ಲಿ ‘ಗೋಲ್ಡನ್ ಟಿಯರ್ಸ್’ 1,850 ಪೌಂಡ್ ಮುಟ್ಟಿತು.

ಪತ್ರಿಕೆಗಳು ಈ ಅಂಕಿಗಳನ್ನು ಪ್ರತಿ ಫೆಬ್ರವರಿಯಲ್ಲಿ ಹಿಗ್ಗಿನಿಂದ ಅಚ್ಚು ಹಾಕುತ್ತವೆ, ಆದರೆ ಅವನ್ನು ಬೆಲೆ ಎಂದು ತಿಳಿಯಬಾರದು. ಹರಾಜಿನಲ್ಲಿ ಇಬ್ಬರು ಹಠಕ್ಕೆ ಬಿದ್ದರೆ ಸಾಕು, ಮೊತ್ತ ಎಲ್ಲಿಗೋ ಏರುತ್ತದೆ. ಜೊತೆಗೆ, ಸ್ನೋಡ್ರಾಪ್ ಚಿನ್ನದಂತೆ ಉಳಿಯುವ ವಸ್ತುವಲ್ಲ, ಅದು ಮರಿ ಹಾಕುತ್ತದೆ. ಒಂದು ತಳಿ ಆರೋಗ್ಯವಾಗಿದ್ದು ಚೆನ್ನಾಗಿ ಹೆಚ್ಚುವಂತಿದ್ದರೆ ವರ್ಷ ಕಳೆದಂತೆ ಅದರ ಬೆಲೆ ಇಳಿಯುತ್ತಲೇ ಹೋಗುತ್ತದೆ. ಒಂದು ಕಾಲದಲ್ಲಿ ಕೈಗೆಟುಕದಂತಿದ್ದ ‘ವೆಂಡೀಸ್ ಗೋಲ್ಡ್’ ಇಂದು ಸಾಧಾರಣ ಬೆಲೆಗೆ ಸಿಗುತ್ತದೆ. ಹತ್ತು ವರ್ಷ ಕಳೆದರೂ ಬೆಲೆ ಇಳಿಯದ ತಳಿಯನ್ನು ಕಂಡರೆ, ಅದು ಅಪರೂಪವೆಂದು ಹಿಗ್ಗುವ ಮೊದಲು, ಅದು ಬದುಕುವುದೇ ಕಷ್ಟವಾಗಿರಬಹುದೇ ಎಂದು ಯೋಚಿಸಬೇಕು. ಹೂಡಿಕೆಯ ದೃಷ್ಟಿಯಿಂದ ಇದಕ್ಕೆ ಇಳಿಯುವವರಿಗೆ ನನ್ನ ಬಳಿ ಬೇರೆ ಸಲಹೆಯಿಲ್ಲ, ಇಳಿಯಬೇಡಿರಿ.

ಹಾಗಾದರೆ ಮೊದಲ ವರ್ಷ ಯಾವುದನ್ನು ತರಿಸಬೇಕು?

ಕಾಲಪರೀಕ್ಷೆಯಲ್ಲಿ ಗೆದ್ದ ಹಳೆಯ ತಳಿಗಳನ್ನು. ‘ಎಸ್. ಆರ್ನಟ್’ ದೊಡ್ಡ ಹೂವಿನದು, ಬಿಸಿಲು ಬಿದ್ದ ದಿನ ಜೇನಿನ ಪರಿಮಳ ಬೀರುತ್ತದೆ, ಬೇಗ ಗುಂಪಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಮರ್ಸೆಟ್ಟಿನ ಜೇಮ್ಸ್ ಆಲನ್ ಬೀಜದಿಂದ ಬೆಳೆಸಿದ ‘ಮ್ಯಾಗ್ನೆಟ್’ ತಳಿಯ ಹೂತೊಟ್ಟು ಬಲು ಉದ್ದ. ಗಾಳಿ ಇಲ್ಲವೆನ್ನಿಸುವ ದಿನವೂ ಅದರ ಹೂ ತೂಗುತ್ತಿರುತ್ತದೆ. ಗ್ಲಾಸ್ಟರ್‌ಶೈರಿನ ಪೇನ್ಸ್‌ವಿಕ್‌ನ ಜೇಮ್ಸ್ ಆಟ್ಕಿನ್ಸ್ ಅವರ ಹೆಸರು ಹೊತ್ತ ‘ಆಟ್ಕಿನ್ಸಿಯೈ’ ಎತ್ತರಕ್ಕೆ ಬೆಳೆದು ಮೊದಮೊದಲೇ ಅರಳುತ್ತದೆ. ಐರ್ಲೆಂಡಿನ ‘ಸ್ಟ್ರಾಫನ್’ ಒಂದೇ ಗೆಡ್ಡೆಯಿಂದ ಎರಡನೆಯ ಹೂವನ್ನೂ ಕೊಟ್ಟು ಋತುವನ್ನು ಹಿಗ್ಗಿಸುತ್ತದೆ. ಕ್ರಿಮಿಯನ್ ಯುದ್ಧದಿಂದ ಮರಳಿದ ಲಾರ್ಡ್ ಕ್ಲಾರಿನಾ ತಂದ ಗೆಡ್ಡೆಗಳಿಂದ ಹುಟ್ಟಿದ್ದು ಅದು. ಈ ನಾಲ್ಕೂ ನಿಮ್ಮ ಮಣ್ಣಿನಲ್ಲಿ ಎರಡು ಚಳಿಗಾಲ ಕಳೆದು ಗುಂಪು ಕಟ್ಟತೊಡಗಿದರೆ, ಆಮೇಲೆ ಹಳದಿಯವುಗಳ ಕಡೆಗೆ, ಜೋಡು ಎಸಳಿನವುಗಳ ಕಡೆಗೆ ಕೈಚಾಚಬಹುದು. ಋತುವನ್ನು ಮುಂಚಿತವಾಗಿ ಆರಂಭಿಸಬೇಕೆನ್ನುವವರಿಗೆ ಗ್ರೀಸಿನ ಕಡೆಯ ರೆಜಿನೆ-ಓಲ್ಗೆ ಎಂಬ ಪ್ರಭೇದ ಅಕ್ಟೋಬರಿನಲ್ಲೇ ಅರಳುತ್ತದೆ. ‘ತ್ರೀ ಶಿಪ್ಸ್’ ಕ್ರಿಸ್‌ಮಸ್ ಹೊತ್ತಿಗೆ ಬರುತ್ತದೆ.

ಲೇಬಲ್ಲಿನ ಮೇಲಿನ ಹೆಸರನ್ನು ನಂಬಬಹುದೇ?

ಈ ಹವ್ಯಾಸದ ತಿರುಳು ಈ ಪ್ರಶ್ನೆಯಲ್ಲಿದೆ. ಹೆಸರಿರುವ ಪ್ರತಿಯೊಂದು ತಳಿಯೂ ಒಂದೇ ಮೂಲ ಗೆಡ್ಡೆಯ ಮರಿಗಳ ಸಂತತಿ. ಬೀಜದಿಂದ ಹುಟ್ಟಿದ ಸಸಿ, ತಾಯಿಯನ್ನು ಎಷ್ಟೇ ಹೋಲಿದರೂ, ಆ ಹೆಸರಿಗೆ ಬಾಧ್ಯವಲ್ಲ. ಆದರೆ ತೋಟದಲ್ಲಿ ಆಗುವುದೇನೆಂದರೆ, ಬೀಜ ಉದುರುತ್ತದೆ, ಬೀಜಕ್ಕೆ ಅಂಟಿರುವ ಕೊಬ್ಬಿನಂಶದ ತುಣುಕಿನ ಆಸೆಗೆ ಇರುವೆಗಳು ಅದನ್ನು ಪಕ್ಕದ ಗುಂಪಿನೊಳಕ್ಕೆ ಎಳೆದೊಯ್ಯುತ್ತವೆ, ಮೂರು ನಾಲ್ಕು ವರ್ಷಗಳ ಬಳಿಕ ಅಲ್ಲಿ ಹೊಸ ಗಿಡವೊಂದು ಹೂ ಬಿಡುತ್ತದೆ. ಅದನ್ನು ಗಮನಿಸದೆ ಇಡೀ ಗುಂಪನ್ನು ಅಗೆದು ಮಾರಿದರೆ, ಕೊಂಡ ಹತ್ತು ಜನರಲ್ಲಿ ಒಬ್ಬರಿಗೆ ಬೇರೆಯದೇ ಗಿಡ ಸಿಗುತ್ತದೆ. ಅವರು ಅದನ್ನು ಅದೇ ಹೆಸರಿನಲ್ಲಿ ಇನ್ನೊಬ್ಬರಿಗೆ ಕೊಡುತ್ತಾರೆ. ಇದರಲ್ಲಿ ಯಾರ ಮೋಸವೂ ಇಲ್ಲ, ಆದರೂ ಹೆಸರು ಕೆಟ್ಟುಹೋಯಿತು.

ಆದುದರಿಂದ ನರ್ಸರಿಯನ್ನು ಆರಿಸುವಾಗ ನಾನು ನೋಡುವುದು ಬೆಲೆಯನ್ನಲ್ಲ, ಅವರು ತಮ್ಮ ಗೆಡ್ಡೆ ಎಲ್ಲಿಂದ ಬಂದಿತೆಂದು ಹೇಳುತ್ತಾರೆಯೇ ಎಂಬುದನ್ನು. ಹೂವನ್ನು ಹೊರಗಿನಿಂದ ಮಾತ್ರವಲ್ಲದೆ ಒಳ ಎಸಳಿನ ಗುರುತು ಕಾಣುವಂತೆಯೂ ಚಿತ್ರ ತೆಗೆದು ಹಾಕುವವರು, ಕಾಯಿ ಕಟ್ಟುವ ಮೊದಲೇ ಬಾಡಿದ ಹೂಗಳನ್ನು ಕಿತ್ತೆಸೆಯುವವರು, ಒಂದೊಂದು ತಳಿಯನ್ನೂ ಪ್ರತ್ಯೇಕ ಬುಟ್ಟಿಕುಂಡದಲ್ಲಿ ಬೆಳೆಸುವವರು ನಂಬಿಕೆಗೆ ಅರ್ಹರು. ಹೊಸ ತಳಿಗಳ ಅಧಿಕೃತ ನೋಂದಣಿಯನ್ನು ನೆದರ್ಲೆಂಡ್ಸಿನ ಹೂಗೆಡ್ಡೆ ಬೆಳೆಗಾರರ ಸಂಘವಾದ ಕೆಎವಿಬಿ ನಡೆಸುತ್ತದೆ. ಆದರೂ ನೋಂದಣಿಯಾಗದೆ ಬರೀ ಬಾಯಿಮಾತಿನಲ್ಲೇ ಓಡಾಡುವ ಹೆಸರುಗಳು ಬೇಕಾದಷ್ಟಿವೆ.

ನಿಮ್ಮ ಕಡೆಯಿಂದಲೂ ಕರ್ತವ್ಯವಿದೆ. ಪ್ಲಾಸ್ಟಿಕ್ ಲೇಬಲ್ ಬಿಸಿಲಿಗೆ ಪುಡಿಯಾಗುತ್ತದೆ, ಹಕ್ಕಿಗಳು ಅದನ್ನು ಕಿತ್ತು ಹಾಕುತ್ತವೆ. ಒಂದು ಲೇಬಲ್ ಮೇಲಿರಲಿ, ಇನ್ನೊಂದು ಗೆಡ್ಡೆಯ ಪಕ್ಕದಲ್ಲಿ ಮಣ್ಣಿನೊಳಗಿರಲಿ, ಜೊತೆಗೆ ಯಾವ ಸಾಲಿನಲ್ಲಿ ಯಾವ ತಳಿಯಿದೆ ಎಂಬ ನಕ್ಷೆ ಪುಸ್ತಕದಲ್ಲಿರಲಿ. ಜೂನ್ ತಿಂಗಳಲ್ಲಿ ನೆಲದ ಮೇಲೆ ಏನೂ ಕಾಣದಿರುವಾಗ ಆ ನಕ್ಷೆಯೊಂದೇ ನಿಮ್ಮ ಸಂಗ್ರಹ.

ಕುಂಡವೋ, ನೆಲವೋ?

ನೆಲ. ಸಣ್ಣ ಕುಂಡದ ಮಣ್ಣು ಬೇಸಿಗೆಯಲ್ಲಿ ಕಾದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಗೆಡ್ಡೆಯನ್ನು ಸೊರಗಿಸುತ್ತದೆ. ಕೊಳದ ಗಿಡಗಳಿಗೆ ಬಳಸುವ ಜಾಲರಿ ಬುಟ್ಟಿಯಲ್ಲಿ ನೆಟ್ಟು, ಬುಟ್ಟಿಯನ್ನೇ ನೆಲದಲ್ಲಿ ಹೂಳುವುದು ಸಂಗ್ರಾಹಕರೆಲ್ಲ ಒಪ್ಪಿರುವ ದಾರಿ. ಬೇರು ಹೊರಗೆ ಹೋಗಬಹುದು, ಗೆಡ್ಡೆಗಳು ಒಂದರೊಡನೊಂದು ಬೆರೆಯುವುದಿಲ್ಲ. ಎಲೆ ಉದುರುವ ಮರದ ಬುಡ, ನೀರು ನಿಲ್ಲದ ಮಣ್ಣು, ಎಲೆಗೊಬ್ಬರ, ಸ್ವಲ್ಪ ದಪ್ಪ ಮರಳು ಇದ್ದರೆ ಸಾಕು. ಎಲ್ವೆಸಿಯೈ ತಳಿಗಳಿಗೆ ಮಾತ್ರ ಇನ್ನಷ್ಟು ಬಿಸಿಲೂ ಬೇಸಿಗೆಯಲ್ಲಿ ಇನ್ನಷ್ಟು ಒಣಗಿದ ನೆಲವೂ ಹಿಡಿಸುತ್ತವೆ.

ರೋಗ ಮತ್ತು ಕೀಟಗಳ ವಿಷಯದಲ್ಲಿ ಎಷ್ಟು ಹೆದರಬೇಕು?

ಎರಡಕ್ಕೆ ಹೆದರಬೇಕು. ಮೊದಲನೆಯದು ನಾರ್ಸಿಸಸ್ ನೊಣ. ನೋಡಲು ದುಂಬಿಯಂತಿರುವ ಇದು ಮೇ, ಜೂನ್ ತಿಂಗಳ ಬಿಸಿಲಿನಲ್ಲಿ ಬಾಡುತ್ತಿರುವ ಎಲೆಯ ಬುಡಕ್ಕೆ ಮೊಟ್ಟೆಯಿಡುತ್ತದೆ. ಹುಳು ಕೆಳಗಿಳಿದು ಗೆಡ್ಡೆಯನ್ನು ಒಳಗಿನಿಂದ ತಿಂದು ಟೊಳ್ಳು ಮಾಡುತ್ತದೆ. ಆ ಎರಡು ತಿಂಗಳು ಬೆಲೆಬಾಳುವ ಗಿಡಗಳ ಮೇಲೆ ತೆಳು ಬಟ್ಟೆ ಹೊದಿಸುವುದು ಪರಿಣಾಮಕಾರಿ. ಎರಡನೆಯದು ಚಳಿಗಾಲದಲ್ಲಿ ಮೊಳಕೆ ಏಳುವಾಗಲೇ ಬೂದು ಬೂಷ್ಟಾಗಿ ಕಾಣಿಸುವ ಬೊಟ್ರೈಟಿಸ್ ರೋಗ. ಅದು ಕಂಡ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ಅಗೆದು ಕಸಕ್ಕೆ ಹಾಕಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಎಲೆಯ ತುದಿ ಸುಟ್ಟಂತೆ ಕೆಂಪಗಾಗುವ ಸ್ಟ್ಯಾಗನೊಸ್ಪೊರ ರೋಗವೂ ಇದೆ. ಹೊಸದಾಗಿ ತರಿಸಿದ ಪ್ರತಿ ಗೆಡ್ಡೆಯನ್ನು ಮೊದಲ ವರ್ಷ ಉಳಿದವುಗಳಿಂದ ದೂರವಿಡುವ ಪದ್ಧತಿಗೆ ಈ ರೋಗಗಳೇ ಕಾರಣ.

ಒಂದೇ ಗೆಡ್ಡೆಯನ್ನು ಮನೆಯಲ್ಲಿ ಹೆಚ್ಚಿಸುವುದು ಹೇಗೆ?

ಗೆಡ್ಡೆ ತಾನಾಗಿ ಮರಿ ಹಾಕಲು ಬಿಡುವುದು ಸುಲಭದ ದಾರಿ. ಇನ್ನೊಂದು ದಾರಿ ಚಾಕುವಿನದು, ಇಂದು ಬರುವ ಹೊಸ ತಳಿಗಳೆಲ್ಲ ಹೆಚ್ಚಾಗಿ ಅದರಿಂದಲೇ ಬೆಳೆದು ಮಾರುಕಟ್ಟೆಗೆ ಬರುತ್ತವೆ. ಗೆಡ್ಡೆ ನಿದ್ರಿಸುತ್ತಿರುವ ಜೂನ್, ಜುಲೈ ಹೊತ್ತಿಗೆ ಅದರ ಕಂದು ಪೊರೆಯನ್ನು ಸುಲಿದು, ಬೇರುಗಳನ್ನೂ ಮೇಲಿನ ಮೊನೆಯನ್ನೂ ಕತ್ತರಿಸಿ, ಸ್ಪಿರಿಟ್ಟಿನಲ್ಲಿ ಒರೆಸಿದ ಚೂಪಾದ ಬ್ಲೇಡಿನಿಂದ ಮೇಲಿನಿಂದ ಕೆಳಕ್ಕೆ ಸೀಳಬೇಕು. ಎರಡಾದದ್ದನ್ನು ನಾಲ್ಕು, ನಾಲ್ಕಾದದ್ದನ್ನು ಎಂಟು ಮಾಡಬಹುದು. ಪ್ರತಿ ಹೋಳಿನ ಬುಡದಲ್ಲಿಯೂ ಬೇರು ಹುಟ್ಟುವ ಗಟ್ಟಿ ತಟ್ಟೆಯ ಒಂದು ಚೂರು ಇರಲೇಬೇಕು, ಇಲ್ಲದಿದ್ದರೆ ಅದು ಬರೀ ಸಿಪ್ಪೆ. ಹೋಳುಗಳನ್ನು ಶಿಲೀಂಧ್ರನಾಶಕದಲ್ಲಿ ಅದ್ದಿ, ಕೈಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ತೇವವಿರುವ ವರ್ಮಿಕ್ಯುಲೈಟಿನೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕತ್ತಲಲ್ಲಿ ಸುಮಾರು 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹನ್ನೆರಡು ವಾರ ಇಡುತ್ತಾರೆ. ಆ ಹೊತ್ತಿಗೆ ಪೊರೆಗಳ ನಡುವೆ ಅಕ್ಕಿಕಾಳಿನಷ್ಟು ಬೆಳ್ಳಗಿನ ಮರಿಗೆಡ್ಡೆಗಳು ಮೂಡಿರುತ್ತವೆ. ಅವು ಹೂ ಬಿಡಲು ಇನ್ನೂ ಸುಮಾರು ಮೂರು ವರ್ಷ ಬೇಕು. ಇದ್ದೊಂದೇ ಗೆಡ್ಡೆಯ ಮೇಲೆ ಮೊದಲ ಪ್ರಯೋಗ ಮಾಡಬೇಡಿರಿ, ಸಾಮಾನ್ಯ ನಿವಾಲಿಸ್ ಮೇಲೆ ಕೈ ಪಳಗಿಸಿಕೊಳ್ಳಿರಿ.

ನೆದರ್ಲೆಂಡ್ಸ್ ಅಥವಾ ಜರ್ಮನಿಯ ನರ್ಸರಿಯಿಂದ ತರಿಸಬಹುದೇ? ಟರ್ಕಿಗೆ ಪ್ರವಾಸ ಹೋದಾಗ ಎರಡು ಗೆಡ್ಡೆ ತಂದರೆ?

ಟರ್ಕಿಯದು ಬೇಡವೇ ಬೇಡ. ಕಾಡಿನಿಂದ ಅಗೆದು ರಫ್ತು ಮಾಡುವ ವ್ಯಾಪಾರ ಮಿತಿಮೀರಿದ್ದರಿಂದ ಇಡೀ ಗ್ಯಾಲಂಥಸ್ ಕುಲವನ್ನು 1990ರಿಂದ ಸೈಟಿಸ್ ಎಂಬ, ಅಪಾಯದಲ್ಲಿರುವ ಕಾಡುಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಗಿದೆ. ಗೆಡ್ಡೆ ಗಡಿ ದಾಟಬೇಕಾದರೆ ಪರವಾನಗಿ ಬೇಕು. ಬ್ರಿಟನ್ನಿನೊಳಗೆ ಒಂದು ಊರಿನಿಂದ ಇನ್ನೊಂದಕ್ಕೆ ಕಳುಹಿಸಲು ಇದು ಅಡ್ಡಿಯಲ್ಲ. ಯುರೋಪಿಯನ್ ಒಕ್ಕೂಟದೊಂದಿಗಿನ ವ್ಯವಹಾರ ಮಾತ್ರ 2021ರ ಜನವರಿ 1ರಿಂದ ಬದಲಾಗಿದೆ. ಈಗ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಸೈಟಿಸ್ ಕಾಗದಪತ್ರಗಳೂ ಬೇಕಾಗಿದ್ದು, ಮೂರು ಗೆಡ್ಡೆಗಳ ಬೆಲೆಗಿಂತ ಕಾಗದದ ಖರ್ಚೇ ಹೆಚ್ಚಾಗುತ್ತದೆ. ಎಷ್ಟೋ ಪುಟ್ಟ ನರ್ಸರಿಗಳು ಗಡಿಯಾಚೆ ಕಳುಹಿಸುವುದನ್ನೇ ನಿಲ್ಲಿಸಿವೆ. ಕಾಗದವಿಲ್ಲದೆ ಲಕೋಟೆಯಲ್ಲಿ ಹಾಕಿ ಕಳುಹಿಸುತ್ತೇವೆ ಎನ್ನುವ ಮಾರಾಟಗಾರರಿಂದ ದೂರವಿರಿ.

ಕೊಳ್ಳುವ ಮೊದಲು ಹೂವನ್ನು ಕಣ್ಣಾರೆ ನೋಡುವುದು ಎಲ್ಲಿ?

ಗ್ಲಾಸ್ಟರ್‌ಶೈರಿನ ಕೋಲ್ಸ್‌ಬೋರ್ನ್ ಪಾರ್ಕ್, ಕೇಂಬ್ರಿಜ್ ಬಳಿಯ ಆಂಗಲ್ಸಿ ಅಬಿ, ಸ್ಕಾಟ್ಲೆಂಡಿನ ಫೈಫ್‌ನಲ್ಲಿರುವ ಕ್ಯಾಂಬೊ, ಲಂಡನ್ನಿಗೆ ಹತ್ತಿರವೆಂದರೆ ಎನ್‌ಫೀಲ್ಡಿನ ಮಿಡಲ್ಟನ್ ಹೌಸ್. ಕೋಲ್ಸ್‌ಬೋರ್ನ್ ಎಂಬುದು 1874ರಲ್ಲಿ ಇಂದಿನ ಇಜ್ಮಿರ್ ಬಳಿಯ ಬೆಟ್ಟಗಳಲ್ಲಿ ಎಲ್ವೆಸಿಯೈಯನ್ನು ಕಂಡ ಹೆನ್ರಿ ಜಾನ್ ಎಲ್ವೆಸ್ ಅವರ ಮನೆ. ಹೋಗುವುದಾದರೆ ಫೆಬ್ರವರಿಯ ನಡುಭಾಗದಲ್ಲಿ, ಸ್ವಲ್ಪ ಬಿಸಿಲಿರುವ ದಿನ ಹೋಗಿರಿ. ಸುಮಾರು ಹತ್ತು ಡಿಗ್ರಿ ಉಷ್ಣಾಂಶ ಬಂದರೆ ಮಾತ್ರ ಹೂಗಳು ಪೂರ್ತಿ ಬಿರಿಯುತ್ತವೆ.

ಬೆಂಗಳೂರು, ಮಡಿಕೇರಿ ಅಥವಾ ಚಿಕ್ಕಮಗಳೂರಿನಲ್ಲಿ ಬೆಳೆಯಬಹುದೇ?

ಇಲ್ಲ. ಇದಕ್ಕೆ ತಿಂಗಳುಗಟ್ಟಲೆ ನಿಜವಾದ ಚಳಿ ಬೇಕು. ಬೆಂಗಳೂರಿನ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮಲೆನಾಡಿನ ಮಳೆಗಾಲವಂತೂ ನಿದ್ರಿಸುತ್ತಿರುವ ಗೆಡ್ಡೆಯನ್ನು ಕೊಳೆಸಿಬಿಡುತ್ತದೆ. ಫ್ರಿಜ್ಜಿನಲ್ಲಿಟ್ಟು ಒಂದು ಬಾರಿ ಹೂ ತರಿಸಿದರೂ ಗಿಡ ಉಳಿಯುವುದಿಲ್ಲ. ಭಾರತಕ್ಕೆ ತರುವುದಕ್ಕೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಸೈಟಿಸ್ ದಾಖಲೆಗಳೂ ಬೇಕು, ಸೂಟ್‌ಕೇಸಿನಲ್ಲಿ ತರುವುದು ಅಪರಾಧ. ಇದೇ ಕುಟುಂಬದ ಕ್ರೈನಮ್ ಮತ್ತು ಪ್ಯಾಂಕ್ರೇಷಿಯಮ್‌ಗಳು ನಮ್ಮ ನೆಲದಲ್ಲಿಯೇ ಮೊದಲ ಮಳೆಗೆ ಎದ್ದು ಬಿಳಿ ಹೂ ಬಿಡುತ್ತವೆ. ಗೆಡ್ಡೆ ಸಂಗ್ರಹಿಸುವ ಆಸೆಗೆ ಅವು ಯಾವ ರೀತಿಯಲ್ಲಿಯೂ ಕಡಿಮೆಯಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಈ ಗೆಡ್ಡೆ ವಿಷವೇ?

ಹೌದು, ತಿಂದರೆ ವಾಂತಿ, ಭೇದಿ, ಹೊಟ್ಟೆನೋವು ಬರುತ್ತವೆ. ಮರೆವಿನ ಕಾಯಿಲೆಯಾದ ಆಲ್‌ಝೈಮರ್‌ಗೆ ಕೊಡುವ ಗ್ಯಾಲಂಟಮೀನ್ ಎಂಬ ಔಷಧವನ್ನು ಮೊದಲು ಬೇರ್ಪಡಿಸಿದ್ದು ಸ್ನೋಡ್ರಾಪಿನಿಂದಲೇ ಆದರೂ, ಗೆಡ್ಡೆಯನ್ನು ಮನೆಮದ್ದಾಗಿ ಬಳಸುವುದು ಅಪಾಯಕರ. ಒಣಗೆಡ್ಡೆಯ ಪೊಟ್ಟಣವನ್ನು ಅಡುಗೆಮನೆಯಲ್ಲಿ, ಸಣ್ಣ ಈರುಳ್ಳಿಯ ಬುಟ್ಟಿಯ ಪಕ್ಕದಲ್ಲಂತೂ ಇಡಲೇಬಾರದು.